ಮಾವು ಹಣ್ಣಾಗುವ ವಿಡಿಯೋ

ಶ್ರೀನಿವಾಸಪುರದಲ್ಲಿ ಉಮಾಶಂಕರ್ ಫೋಟೋ ಸ್ಟುಡಿಯೋ ನಡೆಸುತ್ತಿದ್ದ. ಕಂಪ್ಯೂಟರಿನ ಕೆಲಸವೆಲ್ಲ ತಂಗಿ ರಜನಿಯದು. ೨೦೦೮ರ ಮಾವಿನ ಕಾಲದಲ್ಲಿ ಮಂಡಿ ಮಾಲೀಕ ಚನ್ನರಾಯಪ್ಪ ಅವರಿಗೊಂದು ಹೊಸ ಬಗೆಯ ಕೆಲಸ ತಂದ. ಹುಲ್ಲಿನ ಮೇಲಿಟ್ಟ ಕಾಯಿ ತಾನಾಗಿ ಹಣ್ಣಾಗುವುದನ್ನು ಅರ್ಧ ನಿಮಿಷದ ವಿಡಿಯೋದಲ್ಲಿ ತೋರಿಸಬೇಕು. ಬೆಂಗಳೂರಿನಲ್ಲಿ ನಡೆಯುವ ವ್ಯಾಪಾರಿಗಳ ಸಭೆಯಲ್ಲಿ ಅವನು ಅದನ್ನು ಹಾಕುವವನಿದ್ದ.

ಗೌನಿಪಲ್ಲಿಯಲ್ಲಿದ್ದ ಚನ್ನರಾಯಪ್ಪನ ಗೋದಾಮಿನಲ್ಲಿ ಉಮಾಶಂಕರ್ ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದು, ಆಗಾಗ ತಾನೇ ಫೋಟೋ ತೆಗೆಯುವಂತೆ ಟೈಮರ್ ಹಾಕಿ ಬಂದ. ವಾರದ ಮೇಲೆ ಕಾರ್ಡು ರಜನಿಯ ಕೈಗೆ ಬಂತು. ಎಲ್ಲವೂ ರಾ ಫೋಟೋಗಳು, ಕ್ಯಾಮೆರಾ ಕಂಡದ್ದು ಕಂಡಂತೆ. ವಿಡಿಯೋಗೆ ಜೋಡಿಸುವ ಮೊದಲು ಅವುಗಳ ಬಣ್ಣ, ಬೆಳಕು ಎರಡನ್ನೂ ಒಂದೇ ಹದಕ್ಕೆ ತರಬೇಕು. ಇಲ್ಲದಿದ್ದರೆ ವಿಡಿಯೋ ಮಿಣುಕುತ್ತದೆ.

ಬೆಳಕು ಏರಿಸಿದಂತೆಲ್ಲ ಕತ್ತಲಲ್ಲಿದ್ದದ್ದು ಹೊರಗೆ ಬಂತು. ಕಾಯಿಯ ಮೇಲೆ ಇಲಿ ಕೂತಿತ್ತು. ಮುಂದಿನದರಲ್ಲಿ ಇಲಿಯಿಲ್ಲ, ಹಿಕ್ಕೆ ಇತ್ತು. ರಜನಿ ಅಣ್ಣನನ್ನು ಕರೆದು ತೋರಿಸಿದಳು.

"ಇಲಿ ಇರೋದನ್ನೆಲ್ಲ ಕಿತ್ತಾಕು. ಪಕ್ಕದ ಫೋಟೋನೇ ಎರಡು ಸಲ ಹಾಕು ಕಣೇ," ಎಂದ ಉಮಾಶಂಕರ್.

ಅವಳು ಮೂಗು ಮುರಿಯುತ್ತಲೇ ಹಾಗೆ ಮಾಡಿದಳು. ಆಮೇಲೆ ಒಂದು ಫೋಟೋದಲ್ಲಿ ಕೈಯೊಂದು ಕಂಡಿತು. ಬೆರಳಲ್ಲಿ ಹವಳದ ಉಂಗುರ, ಚನ್ನರಾಯಪ್ಪನದೇ. ಆ ಕೈ ಪುಡಿಯ ಪೊಟ್ಟಣಗಳನ್ನು ಹುಲ್ಲಿನಡಿ ತುರುಕುತ್ತಿತ್ತು. ಕಾರ್ಬೈಡ್, ಕಾಯನ್ನು ಬೇಗ ಹಣ್ಣು ಮಾಡುವ ವಿಷದ ಪುಡಿ. ಮುಂದಿನ ಫೋಟೋಗಳಲ್ಲಿ ಕಾಯಿಗಳು ಬೇಗಬೇಗನೆ ಹಳದಿಗೆ ತಿರುಗಿದ್ದವು.

ಮಾರನೆಯ ದಿನ ಚನ್ನರಾಯಪ್ಪ ಸ್ಟುಡಿಯೋಗೆ ಬಂದ. ರಜನಿ ಆ ಫೋಟೋ ತೆರೆದಿಟ್ಟಳು. ಅವನು ಬಗ್ಗಿ ನೋಡಿ ನಕ್ಕ.

"ಕಾಯಿ ಹಣ್ಣಾಗ್ಲಿಲ್ಲಮ್ಮಾ, ಸಭೆ ಹತ್ರ ಬಂತು. ಆ ಒಂದು ತೆಗೆದಾಕು, ಪರ್ವಾಲೇದು."

"ತಾನಾಗೇ ಹಣ್ಣಾಯ್ತು ಅಂತ ತಾನೆ ನೀವು ತೋರಿಸೋದು?"

"ತಿನ್ನೋರು ಕೇಳ್ತಾರಾ? ನಿಮ್ಗೇನೂ ಭಯ ಬೇಡ. ಮನೆಗೆ ಅಂತ ಇಟ್ಕೊಂಡಿರೋ ಮರ ಬೇರೆ ಐತೆ, ಅದರ ಹಣ್ಣು ಕಳಿಸ್ತೀನಿ. ಗೋದಾಮಿಂದು ನಮ್ಮನೇಲಿ ಮಕ್ಕಳಿಗೆ ಮುಟ್ಟಿಸಲ್ಲ."

ರಜನಿ ಅವನ ಮುಖ ನೋಡಿದಳು. ನಾಚಿಕೆಯ ಸುಳಿವೂ ಇರಲಿಲ್ಲ. ಇಲಿ ಹಿಕ್ಕೆ ಕಂಡಾಗಲೂ ಬಾರದಷ್ಟು ಹೇಸಿಗೆ ಅವಳಿಗೆ ಆಗ ಬಂತು.

"ನಾನು ಮಾಡಲ್ಲ," ಎಂದು ಕುರ್ಚಿ ಬಿಟ್ಟೆದ್ದಳು.

ಉಮಾಶಂಕರ್ ಅವಳತ್ತ ತಿರುಗಲೂ ಇಲ್ಲ. "ಅವಳು ಹಂಗೇ, ನೀವು ಹೋಗಿ ಸಾರ್, ನಾನ್ ಮಾಡ್ಕೊಡ್ತೀನಿ," ಎಂದು ತಾನೇ ಆ ಕುರ್ಚಿಯಲ್ಲಿ ಕೂತ.

ವಿಡಿಯೋ ಮುಗಿಯಿತು. ಸಭೆಯಲ್ಲಿ ಚಪ್ಪಾಳೆ ಬಿತ್ತಂತೆ. ಇನ್ನಿಬ್ಬರು ಮಂಡಿಯವರು ಅಂಥದೇ ಬೇಕೆಂದು ಸ್ಟುಡಿಯೋಗೆ ಬಂದರು. ಅಷ್ಟರಲ್ಲಿ ರಜನಿ ಕೋಲಾರದ ಒಂದು ಸ್ಟುಡಿಯೋದಲ್ಲಿ ಕೆಲಸ ಗೊತ್ತು ಮಾಡಿಕೊಂಡು ಬಂದಿದ್ದಳು.

"ಒಂದು ಫೋಟೋಗೋಸ್ಕರ ಅಣ್ಣನ್ನ ಬಿಟ್ಟು ಹೋಗ್ತೀಯಾ?" ಎಂದ ಉಮಾಶಂಕರ್.

"ಆ ಫೋಟೋ ನೀನೂ ನೋಡ್ದೆ ಅಲ್ವಾ ಅಣ್ಣ. ಆಮೇಲೆ ಅದನ್ನ ಅಳಿಸ್ದೆ. ನಿನ್ನ ಪಕ್ಕ ಕೂತು ಕೆಲಸ ಮಾಡೋಕೆ ನಂಗೆ ಅಸಹ್ಯ ಆಗುತ್ತೆ."

ಬೆಳಗಿನ ಬಸ್ಸಿಗೆ ರಜನಿ ಹೊರಟಳು.