ಗೋಡೆಯೊಳಗಿನ ತವರ

ನಾನು ಒಂದು ಕರಿಯ ಕಲ್ಲು. ನನ್ನೊಳಗೆ ತವರವಿದೆ ಎಂದು ನೋಡಿದವರಿಗೆ ತಿಳಿಯುವುದಿಲ್ಲ. ಎತ್ತಿದವರು ಮಾತ್ರ, ಇಷ್ಟು ಸಣ್ಣದು ಇಷ್ಟು ಭಾರವೇ ಎಂದು ಒಮ್ಮೆ ತಿರುವಿ ನೋಡುತ್ತಾರೆ. ಕಪ್ಪತಗುಡ್ಡದ ಬುಡದಲ್ಲಿ ಬಂಡೆಯಿನ್ನೂ ಕುದಿಯುವ ಗಂಜಿಯಂತಿದ್ದಾಗ ನಾನು ಹುಟ್ಟಿದೆ. ಅಲ್ಲಿ ಬೆಳಕಿರಲಿಲ್ಲ, ಸದ್ದೂ ಇರಲಿಲ್ಲ. ಯುಗಗಳು ಕಳೆದು ಬಂಡೆ ಸವೆದಾಗ, ಮಳೆನೀರು ನನ್ನನ್ನು ಹಳ್ಳಕ್ಕೆ ಉರುಳಿಸಿತು.

ಆ ಹಳ್ಳದಲ್ಲಿ ಸಂಕವ್ವ ಮರದ ಮರಿಗೆಯಲ್ಲಿ ಮರಳು ತೊಳೆದು ಚಿನ್ನದ ಕಣ ಹುಡುಕುತ್ತಿದ್ದಳು. ಅವರ ಮನೆತನಕ್ಕೆ ಅದೇ ಕಸುಬು. ಹಗುರ ಮರಳೆಲ್ಲ ನೀರಿನ ಜೊತೆ ಹೋದರೂ ಚಿನ್ನದ ಪಕ್ಕದಲ್ಲಿ ನಾನು ಉಳಿಯುತ್ತಿದ್ದೆ. ಆಕೆ ನನ್ನನ್ನು ಎಡಗೈಯಲ್ಲಿ ಹೆಕ್ಕಿ, "ಹೋಗಪಾ, ನಿನ್ನ ಮನಿ ನೀರಾಗ ಐತಿ" ಎಂದು ಹಿಂದಕ್ಕೆ ಬಿಡುತ್ತಿದ್ದಳು. ಕರಿಕಲ್ಲು ಹೊಸ್ತಿಲು ದಾಟಿದರೆ ಅದರ ಬೆನ್ನಿಗೆ ಅಳುವೂ ಬರುತ್ತದೆಂದು ಅವರ ನಂಬಿಕೆ.

ಸಂಕವ್ವನ ಮಗಳು ಫಕೀರವ್ವ ಎರಡು ಸಲ ಹೆತ್ತಿದ್ದಳು. ಎರಡು ಕೂಸೂ ಅಳದೆ ಹುಟ್ಟಿ, ಅಳದೆ ಮಣ್ಣಿಗೆ ಹೋದವು. ಈಗ ಮೂರನೆಯ ಬಸಿರು. ಪಾತ್ರೆಗಳಿಗೆ ಕಲಾಯಿ ಹಾಕುವ ರಾಜೇಸಾಬ ಒಂದು ದಿನ ಅವರ ಮನೆಯ ತಾಮ್ರದ ಪಾತ್ರೆಯನ್ನು ಬಿಸಿಲಿಗೆ ಹಿಡಿದು ನೋಡಿದ.

"ಇದಕ್ಕ ಯಾವನವ್ವ ಕಲಾಯಿ ಹಾಕಿದಾವ? ತವರದಾಗ ಸೀಸ ಕೂಡಿಸ್ಯಾನ. ಬಸರಿ ಹೆಣಮಗಳು ಇದರಾಗ ಹುಳಿ ಕುದಿಸಿ ಉಂಡ್ರ ವಿಷ ಉಂಡಂಗ."

"ಮತ್ತ ನೀ ಛಲೋದು ಹಾಕು," ಎಂದಳು ಸಂಕವ್ವ.

ರಾಜೇಸಾಬ ತನ್ನ ಚೀಲದಿಂದ ತವರದ ಕಡ್ಡಿಯೊಂದನ್ನು ತೆಗೆದು ಕಿವಿಯ ಹತ್ತಿರ ಹಿಡಿದು ಬಗ್ಗಿಸಿದ. ಸದ್ದೇ ಬರಲಿಲ್ಲ. "ಪ್ಯಾಟಿದೂ ಮೂಕ ಐತಿ, ಸೀಸ ಕೂಡೈತಿ. ಚೊಕ್ಕ ತವರ ಬಗ್ಗಿಸಿದ್ರ ಅಳತೈತಿ. ನಿಮ್ಮ ಹಳ್ಳದಾಗಿನ ಕರಿಕಲ್ಲು ಉಡಿ ತುಂಬ ತಾ, ನಾ ಕರಗಸ್ತೇನಿ."

"ನಿನ್ನ ಬಾಯಾಗ ಹುಳಾ ಬೀಳ್ಲಿ! ಅದನ್ನ ಮನಿಗೆ ತರ್ಲೇನು?"

"ಬ್ಯಾಡ ಬಿಡು. ಮಗಳು ಇದರಾಗ ಉಣ್ಣಲಿ."

ಮರುದಿನ ಸಂಕವ್ವ ಹಳ್ಳಕ್ಕಿಳಿದು ನನ್ನನ್ನೂ ನನ್ನಂಥ ಕರಿಕಲ್ಲುಗಳನ್ನೂ ಉಡಿಗೆ ತುಂಬಿಕೊಂಡಳು.

ಇದ್ದಿಲ ಕುಲುಮೆಯಲ್ಲಿ ನನ್ನ ಕರಿಮೈ ಕರಗಿ ಬೆಳ್ಳಗೆ ಹರಿಯಿತು. ರಾಜೇಸಾಬ ಕಡ್ಡಿ ಎರೆದು, ಆರಿದ ಮೇಲೆ ಬಗ್ಗಿಸಿದ. ನಾನು ಅತ್ತೆ. ನನಗೊಂದು ದನಿಯಿದೆಯೆಂದು ನನಗೇ ಅಂದು ತಿಳಿಯಿತು.

"ಚೆಲ್ಲೋ ಅದನ್ನ!" ಸಂಕವ್ವ ಚೀರಿದಳು.

ಫಕೀರವ್ವ ಮಾತ್ರ ಹತ್ತಿರ ಬಂದಳು. "ಅವ್ವಾ, ಇವು ನನ್ನ ಕೂಸುಗೋಳು. ಅವತ್ತು ಅಳಲಾರದವು ಈಗ ಅಳಾಕ ಹತ್ತ್ಯಾವ. ಕಲಾಯಿ ಹಾಕು ಕಾಕಾ. ಒಂದು ತುಂಡು ನನಗ ಇರ್ಲಿ."

ಹೀಗೆ ನಾನು ಪಾತ್ರೆಯ ಒಳಮೈಗೆ ತೆಳುವಾದ ಚರ್ಮವಾದೆ. ಉಳಿದ ತುಂಡು ಅವಳ ಅಡಿಗೆಮನೆಯ ಗೂಡು ಸೇರಿತು. ಮೂರನೆಯ ಕೂಸು ಓಣಿಗೆಲ್ಲ ಕೇಳುವಂತೆ ಅಳುತ್ತ ಹುಟ್ಟಿತು. ಸಾವು ಕಣ್ಣೆತ್ತಿ ನೋಡದಿರಲೆಂದು ಅದಕ್ಕೆ ತಿಪ್ಪೆಯ ಹೆಸರಿಟ್ಟು ತಿಪ್ಪವ್ವ ಎಂದು ಕರೆದರು.

ಇಷ್ಟಕ್ಕೆ ನನ್ನ ಕತೆ ಮುಗಿಯಬೇಕಿತ್ತು. ಆದರೆ ಮಧ್ಯಾಹ್ನ ಮನೆ ಬರಿದಾದಾಗ ಫಕೀರವ್ವ ನನ್ನನ್ನು ಗೂಡಿನಿಂದ ತೆಗೆದು, ಕಿವಿಗೆ ಹಿಡಿದು, ಮೆಲ್ಲಗೆ ಬಗ್ಗಿಸುತ್ತಿದ್ದಳು. ನನ್ನೊಳಗಿನ ಹರಳುಗಳು ಒಂದಕ್ಕೊಂದು ಉಜ್ಜಿ ಆ ಸದ್ದು ಬರುತ್ತದೆಂದು ನಾನು ತಿಳಿದಿದ್ದೆ. ಅವಳಿಗೆ ಹೇಳುವುದು ಹೇಗೆ? ಒಲೆ ಆರಿದರೂ ಹಾಲು ಉಕ್ಕಿದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ತಿಪ್ಪವ್ವ ಬಾಗಿಲಲ್ಲಿ ನಿಂತು ಎಷ್ಟು ಕೂಗಿದರೂ ಕೇಳುತ್ತಿರಲಿಲ್ಲ.

ಒಂದು ದಿನ ಆ ಮಗು ಬಂದು ಸೆರಗು ಜಗ್ಗಿತು. "ಯವ್ವಾ, ಯಾರ ಕೂಡ ಮಾತಾಡಾಕತ್ತಿ?"

"ನಿಮ್ಮ ಅಕ್ಕಗೋಳ ಕೂಡ. ಕೇಳು, ಹೆಂಗ ಅಳ್ತಾವ."

ತಿಪ್ಪವ್ವ ಕಿವಿಗೊಟ್ಟಳು. ಬಹಳ ಹೊತ್ತು ಕೇಳಿದಳು.

"ಅಳಾಕತ್ತಿಲ್ಲ ಯವ್ವಾ. ಬಾ ಅಂತಾವ. ನಾ ಹೋಗ್ಲಿ?"

ಫಕೀರವ್ವ ಮಗುವನ್ನು ಎದೆಗೆ ಅವುಚಿಕೊಂಡಳು. ಆಮೇಲೆ ಬಗ್ಗಿ ಬಗ್ಗಿ ಸವೆದಿದ್ದ ನನ್ನನ್ನು ಒಂದೇ ಪೆಟ್ಟಿಗೆ ಮುರಿದು, ಗೋಡೆಯ ಬಿರುಕಿಗೆ ತುರುಕಿ, ಮೇಲೆ ಹಸಿಮಣ್ಣು ಮೆತ್ತಿದಳು. ಮೆತ್ತುವಾಗ ಅವಳು ಅತ್ತ ಅಳು ನನಗೆ ಇನ್ನೂ ನೆನಪಿದೆ.

ಪಾತ್ರೆಯಲ್ಲಿದ್ದ ನಾನು ಎಂದೋ ಸವೆದುಹೋದೆ. ಗೋಡೆಯೊಳಗಿನ ನಾನು ಹಾಗೆಯೇ ಇದ್ದೇನೆ. ಫಕೀರವ್ವ ಈಗಿಲ್ಲ, ನನ್ನನ್ನು ಯಾರೂ ಬಗ್ಗಿಸುವುದಿಲ್ಲ. ಆದರೂ ಮಧ್ಯಾಹ್ನ ಮನೆ ಬರಿದಾದಾಗ ನನ್ನೊಳಗಿಂದ ಎರಡು ದನಿಗಳು ಏಳುತ್ತವೆ. ಗೋಡೆಯ ಆಚೆ ತಿಪ್ಪವ್ವನ ಮಕ್ಕಳು ಆಡುತ್ತಿರುತ್ತಾರೆ. ಅವರಿಗೆ ಕೇಳಿಸಬಾರದೆಂದು ಆ ದನಿಗಳನ್ನು ಒಳಗೇ ಬಿಗಿಹಿಡಿದಿದ್ದೇನೆ. ತವರ ಬಲು ಮೆತ್ತಗಿನ ಲೋಹ. ಎಷ್ಟು ದಿನ ಹಿಡಿದೇನೋ.