ಮಿಕ್ಸಿ ಓಡುವಾಗ ಕರೆದವರು

ಕ್ಯಾರೆಟ್ ಇತ್ತು, ಈಗ ಇಲ್ಲ, ಜಾರಿನೊಳಗೆ ಕಿತ್ತಳೆ ಬಣ್ಣದ ಸುಳಿಯೊಂದೇ ಉಳಿದಿದೆ, ಸುಳಿಯ ನಡುವೆ ಒಂದು ಕುಳಿ, ಕುಳಿಯ ತಳದಲ್ಲಿ ಏನೋ ಹೊಳೆದು ಮರೆಯಾಗುತ್ತದೆ, ಬ್ಲೇಡೇ ಇರಬೇಕು, ಆದರೆ ಯಾರೋ ಕಣ್ಣು ಬಿಟ್ಟು ಮುಚ್ಚಿದ ಹಾಗಿದೆ, ನೋಡಿ ಅಮ್ಮಾ ನೋಡಿ, ಒಂದೇ ಒಂದು ತರಿ ತೋರಿಸಿ ನೀವು, ಈ ಅಂಗಡಿನೇ ನಿಮ್ಮ ಹೆಸರಿಗೆ ಬರೆದುಕೊಡ್ತೀನಿ, ಎನ್ನುತ್ತಿದ್ದಾನೆ ಡೆಮೊದವನು, ಅಂಗಡಿ ಅವನದಲ್ಲ, ಬರೆದುಕೊಡಲು ಅವನದೇನು ಹೋಗುತ್ತದೆ, ಕಿವಿಗೆ ಸಿಕ್ಕಿಸಿದ ಮೈಕು ತುಟಿಯ ಹತ್ತಿರ ನೊಣದ ಹಾಗೆ ಕೂತಿದೆ, ಮೀಸೆ ನೆರೆತ ಗಂಡಸು, ಬಿಳೀ ಏಪ್ರನ್ನಿನ ಮೇಲೆ ಒಂದು ಕಲೆಯೂ ಇಲ್ಲ, ಅಡುಗೆ ಮಾಡುವವರ ಏಪ್ರನ್ನಲ್ಲ ಅದು — ನಾನು ಕ್ಯಾರೆಟ್ಟನ್ನು ನೋಡುತ್ತಿಲ್ಲ, ಸದ್ದು ಕೇಳುತ್ತಿದ್ದೇನೆ. ದಪ್ಪ ಸದ್ದು, ಈಗಷ್ಟೇ ಗಾರೆ ಮಾಡಿದ ಗೋಡೆಯಂಥದ್ದು, ಒಂದು ಬಿರುಕೂ ಇಲ್ಲ, ಉಗುರು ಹಾಕಲು ಜಾಗವಿಲ್ಲ, ಇದರೊಳಗೆ ಯಾರೂ ಇರಲಾರರು. ಅವನು ಆರಿಸಿದ. ಚಮಚದಲ್ಲಿ ತೆಗೆದು ಕೊಟ್ಟ, ನಾಲಿಗೆ ಮೇಲೆ ಇಟ್ಟುಕೊಂಡರೆ ರೇಷ್ಮೆ, ಅಗಿಯುವುದಕ್ಕೆ ಏನೂ ಇಲ್ಲ, ನುಂಗುವ ಮೊದಲೇ ತಾನಾಗಿ ಇಳಿದುಹೋಯಿತು, ಹೌದು, ಇದೇ ಬೇಕಾದದ್ದು, ನುಂಗೋದು ಕಲಿಸೋ ಡಾಕ್ಟರಮ್ಮ ಇದನ್ನೇ ಹೇಳಿದ್ದು. ಬೆಲೆ ಕೇಳಿದೆ. ಅವನು ದನಿ ತಗ್ಗಿಸಿ ಹೇಳಿದ, ಸಾವಿನ ಸುದ್ದಿ ಹೇಳುವವರ ಹಾಗೆ, ಆಮೇಲೆ ಲವಲವಿಕೆಯಿಂದ, ಹಳೇದು ತಂದಿದೀರಲ್ಲಾ ಅಮ್ಮಾ, ಅದನ್ನ ಕೊಟ್ಟುಬಿಡಿ, ಎಕ್ಸ್‌ಚೇಂಜಿನಲ್ಲಿ ಅರ್ಧಕ್ಕರ್ಧ ಇಳಿಯುತ್ತೆ, ಇವತ್ತೇ ಕೊನೆ ದಿನ. ತಂದಿದ್ದೇನೆ. ಕಾಲ ಬಳಿ ಬಟ್ಟೆಚೀಲದಲ್ಲಿದೆ ನಮ್ಮ ಹಳೇ ಮಿಕ್ಸಿ, ವೈರು ಬಾಲದ ಹಾಗೆ ಹೊರಗೆ ಇಣುಕುತ್ತಿದೆ, ಅದನ್ನು ಕೊಡದೆ ಇದನ್ನು ಕೊಳ್ಳುವ ತ್ರಾಣ ನನಗಿಲ್ಲ, ಒಂದು ಬಂದರೆ ಒಂದು ಹೋಗಲೇಬೇಕು, ಯೋಚನೆ ಮಾಡ್ತೀನಿ ಎಂದೆ, ಮಾಡಿ ಅಮ್ಮಾ, ಯೋಚನೆಗೆ ದುಡ್ಡಿಲ್ಲ ಎಂದು ನಕ್ಕು ಮತ್ತೊಬ್ಬರ ಕಡೆ ತಿರುಗಿದ, ಸ್ಟೂಲಿನ ಮೇಲೆ ಕೂತೆ, ಚೀಲಕ್ಕೆ ಮೊಣಕಾಲು ಒತ್ತಿಕೊಂಡಿತು, ಬೆಚ್ಚಗಿದೆಯಲ್ಲ, ಬೆಳಗ್ಗೆ ಓಡಿಸಿದ್ದು, ಇಷ್ಟು ಹೊತ್ತಾದರೂ ಬೆಚ್ಚಗೇ ಇದೆಯಲ್ಲ.

ಮಿಕ್ಸಿ ಓಡುವಾಗ ಯಾರೋ ಕರೆದ ಹಾಗಾಗುತ್ತದೆ, ಯಾರಿಗೆ ಆಗುವುದಿಲ್ಲ, ಅಮ್ಮನಿಗೂ ಆಗುತ್ತಿತ್ತು, ರುಬ್ಬುವುದನ್ನು ನಿಲ್ಲಿಸಿ ಬಂದೇ ಎಂದು ಖಾಲಿ ಹಜಾರಕ್ಕೆ ಓಗೊಡುತ್ತಿದ್ದಳು. ಮದುವೆಯಾಗಿ ಬಂದ ಮೇಲೆ ನಮ್ಮ ಮನೆಯಲ್ಲಿ ಅದೊಂದು ಆಟವಾಗಿತ್ತು, ಇವರದೇ ಕಿತಾಪತಿ, ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು, ಊರಿಗೆಲ್ಲ ಗಂಭೀರ, ನಾನು ಸ್ವಿಚ್ ಒತ್ತುವುದನ್ನೇ ಕಾದುಕೊಂಡಿದ್ದು ಹಜಾರದಿಂದ ಗುಬ್ಬೀ ಎನ್ನುತ್ತಿದ್ದರು, ಮೋಟರಿನ ಸದ್ದಿನ ಅಡಿಯಲ್ಲಿ ತೂರಿಸಿ, ನಾನು ಆರಿಸಿ ಏನ್ರೀ ಎಂದರೆ ಪೇಪರಿನ ಹಿಂದಿನಿಂದ, ನಾನ್ಯಾಕೆ ಕರೀಲಿ, ನಿನ್ನ ಮಿಕ್ಸಿ ಕರೆದಿರಬೇಕು. ಮತ್ತೆ ಹಾಕಿದರೆ ಮತ್ತೆ ಗುಬ್ಬೀ. ಕೈಯಲ್ಲಿ ಸೌಟು ಹಿಡಿದು ಹೋಗಿ ನಿಂತರೆ ಭುಜ ಕುಲುಕಿಸಿ ನಗು, ಆ ಮಿಕ್ಸಿಗೂ ನಿನ್ನ ಮೇಲೆ ಮನಸ್ಸಾಗಿದೆ ಕಣೇ, ಹುಷಾರು. ಎಷ್ಟು ವರ್ಷ ಆಡಿದೆವು ಅದನ್ನು, ಒಂದು ದಿನವೂ ಬೇಸರವಾಗಲಿಲ್ಲ. ಆಮೇಲೆ ಆ ಸ್ಟ್ರೋಕು. ಬಲಗೈ ಹೋಯಿತು, ಬಲಗಾಲು ಹೋಯಿತು, ಮಾತು ಪೂರ್ತಿ ಹೋಯಿತು, ನುಂಗುವುದು ಅರ್ಧ ಹೋಯಿತು. ಆಸ್ಪತ್ರೆಯಿಂದ ಕರೆತಂದ ದಿನ ನಾದಿನಿ ಬಂದು ಉಳಿದುಕೊಂಡಳು, ನನ್ನಣ್ಣ, ನಾನಲ್ಲದೆ ಇನ್ಯಾರು ಅತ್ತಿಗೆ, ಎಂದು ಅವಳೇ ತಲೆದಿಂಬು ಏರಿಸಿ ಕೂರಿಸಿದಳು, ನಾನು ಅಡುಗೆಮನೆಗೆ ಹೋಗಿ ಬೇಯಿಸಿದ ಕುಂಬಳಕಾಯಿ ಜಾರಿಗೆ ಹಾಕಿ ಸ್ವಿಚ್ ಒತ್ತಿದೆ, ಗುಬ್ಬೀ. ಆರಿಸಿದೆ. ಏನ್ರೀ ಎಂದೂಬಿಟ್ಟೆ, ಬಾಯಿ ಅಭ್ಯಾಸ. ಹೋಗಿ ನೋಡಿದರೆ ಮಂಚದ ಮೇಲೆ ಅವರು, ತುಟಿ ಒಂದು ಬದಿಗೆ ಜೋತು ಮುಚ್ಚಿಕೊಂಡಿದೆ, ಕಣ್ಣು ಫ್ಯಾನಿನ ಮೇಲೆ, ನಾದಿನಿ ನನ್ನ ಮುಖ ನೋಡಿ, ಏನಾಯ್ತು ಅತ್ತಿಗೆ, ದೆವ್ವ ನೋಡಿದೋರ ಥರ ಬಂದ್ರಿ.

ಅಭ್ಯಾಸಬಲ ಎಂದುಕೊಂಡೆ, ಕಿವಿಗೂ ನೆನಪಿರುತ್ತದಲ್ಲ, ಆದರೆ ಮಾರನೇ ದಿನವೂ ಕರೆಯಿತು, ಅದರ ಮಾರನೇ ದಿನವೂ, ಬರೀ ಹೆಸರಿಂದ ಶುರುವಾದದ್ದು ಮೆಲ್ಲಗೆ ಮಾತಾಯಿತು, ಗುಬ್ಬೀ ನೀರು, ಹೋಗಿ ನೀರು ಹಿಡಿದರೆ ಅವರು ಆಸೆಯಿಂದ ಬಾಯಿ ತೆರೆದರು, ಗುಬ್ಬೀ ಕಿಟಕಿ, ಹೋಗಿ ನೋಡಿದರೆ ಬಿಸಿಲು ಕಣ್ಣಿಗೇ ಹೊಡೆಯುತ್ತಿದೆ, ಸುಳ್ಳು ಹೇಳಲಿಲ್ಲ ಅದು ಒಂದು ದಿನವೂ, ಹಾಗಾಗಿ ನಂಬಿದೆ. ಜಾರು ಖಾಲಿಯಿದ್ದರೂ ಓಡಿಸತೊಡಗಿದೆ, ಮುಚ್ಚಳದ ಮೇಲೆ ಅಂಗೈ ಒತ್ತಿ, ಅಂಗೈ ಗಡಗಡ ನಡುಗುತ್ತಾ, ಅವರು ಬುಲೆಟ್ಟಿನ ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದಾಗ ನಡುಗುತ್ತಿದ್ದ ಹಾಗೆ. ನಾದಿನಿ ಬಾಗಿಲಲ್ಲಿ ನಿಂತು, ಖಾಲಿ ಮಿಕ್ಸಿ ಯಾಕೆ ಓಡಿಸ್ತಿದೀರಾ ಅತ್ತಿಗೆ, ಗಾಳಿ ರುಬ್ಬಿ ಚಟ್ನಿ ಮಾಡ್ತೀರಾ? ತೊಳೆದದ್ದು ಒಣಗಲಿ ಅಂತ ಎಂದೆ. ರಿಪೇರಿಯವನು ಬಿಚ್ಚಿ ನೋಡಿ ತಲೆ ಅಲ್ಲಾಡಿಸಿದ, ಬ್ಲೇಡು ಮೊಂಡು, ಬುಷ್ ಸವೆದಿದೆ, ಅದಕ್ಕೇ ಹಿಂಗೆ ಕೂಗ್ತಿದೆ, ಎರಡೂ ಬದಲಾಯಿಸಿಬಿಡ್ಲಾ? ಬೇಡ ಎಂದೆ, ಥಟ್ಟನೆ, ಯಾರೋ ಇವರ ಗಂಟಲಿಗೆ ಕೈ ಹಾಕಲು ಬಂದ ಹಾಗೆ. ಬುಷ್ ಸವೆದ ಸದ್ದು ಅಂತ ಅವನಿಗೆ ಗೊತ್ತು, ನನಗೂ ಗೊತ್ತು, ಗೊತ್ತಿದ್ದರೆ ಏನಾಯಿತು. ಮೊಂಡು ಬ್ಲೇಡು ತರಿ ಬಿಡುತ್ತಿತ್ತು. ಡಾಕ್ಟರಮ್ಮ ಚಮಚ ಬೆಳಕಿಗೆ ಹಿಡಿದು ನೋಡಿ, ಒಂದು ತರಿನೂ ಇರಬಾರದು ಕಣ್ರೀ, ದಾರಿ ತಪ್ಪಿ ಶ್ವಾಸಕೋಶಕ್ಕೆ ಇಳಿದ್ರೆ ಆಮೇಲೆ ನನ್ನ ಕೈಯಲ್ಲಿಲ್ಲ, ಎಂದರು, ಬಟ್ಟೆಯಲ್ಲಿ ಸೋಸಿದೆ, ಸೋಸಿದರೆ ಊಟವೆಲ್ಲ ಬಟ್ಟೆಗೆ, ನೀರು ಇವರಿಗೆ, ಕೆನ್ನೆಯ ಮೂಳೆ ಎದ್ದುಬಂತು, ಅಂಗಿ ಹ್ಯಾಂಗರಿಗೆ ಹಾಕಿದ ಹಾಗೆ ಮೈಮೇಲೆ ಜೋತಾಡಿತು, ಸೋಸುವುದನ್ನು ಬಿಟ್ಟೆ. ಹೊಸ ಥರದ್ದು ಬಂದಿದೆಯಂತೆ ಅತ್ತಿಗೆ, ಕಲ್ಲು ಹಾಕಿದ್ರೂ ಬೆಣ್ಣೆ ಮಾಡುತ್ತಂತೆ, ನೋಡೋಣ, ಎಂದಳು ನಾದಿನಿ. ನೋಡೋಣ ಎಂದೆ. ಮಿಕ್ಸಿ ಬೇಡ ಎಂದಿತು. ಗುಬ್ಬೀ ಬೇಡ, ನಾನಿಲ್ವಾ.

ಮೊನ್ನೆ ಮಧ್ಯಾಹ್ನ — ಇಲ್ಲ, ಅದು ಈಗ ಬೇಡ, ಫ್ರಿಜ್ಜುಗಳ ಸಾಲು ನೋಡೋಣ, ಬಾಗಿಲು ತೆರೆದರೆ ಒಳಗೆ ದೀಪ, ಖಾಲಿ ಮನೆಗಳ ಹಾಗೆ, ಟೀವಿಗಳೆಲ್ಲ ಒಂದೇ ಮೀನನ್ನು ತೋರಿಸುತ್ತಿವೆ, ಮೀನು ಬಾಯಿ ತೆರೆಯುತ್ತದೆ ಮುಚ್ಚುತ್ತದೆ, ಸದ್ದಿಲ್ಲ, ಹಾಗೇ ತೆರೆದರು ಅವರೂ, ಮೊನ್ನೆ ಮಧ್ಯಾಹ್ನ, ಟೊಮೇಟೊ ಬೇಯಿಸಿದ್ದೆ, ಮೊದಲ ಬಟ್ಟಲು ನಾದಿನಿ ತಿನ್ನಿಸುತ್ತಿದ್ದಳು, ಎರಡನೆಯದನ್ನು ನಾನು ಅಡುಗೆಮನೆಯಲ್ಲಿ ರುಬ್ಬುತ್ತಿದ್ದೆ, ಆ ದಿನ ಅದು ಎಂದೂ ಇಲ್ಲದಷ್ಟು ಮಾತಾಡಿತು, ಗುಬ್ಬೀ ನಿಂಗೆ ಕಾರು ಕಲಿಸುವಾಗ ಮೋರಿಗೆ ಇಳಿಸಿದೆಯಲ್ಲ, ಊರೆಲ್ಲ ನಕ್ಕಿತು, ನಾನೊಂದು ಮಾತು ಅಂದ್ನಾ ಹೇಳು, ಇಲ್ಲ ರೀ ಅನ್ನಲಿಲ್ಲ ಎಂದೆ, ಜೋರಾಗಿಯೇ ಎಂದೆ, ಅತ್ತಿತ್ತ ಯಾರೂ ಇರಲಿಲ್ಲವಲ್ಲ, ಟೊಮೇಟೊ ಯಾವಾಗಲೋ ನುಣ್ಣಗಾಗುವಷ್ಟು ಆಗಿತ್ತು, ಕೈ ಸ್ವಿಚ್ಚಿನ ಮೇಲೆ ಹೋಯಿತು, ಆರಿಸಬೇಡ ಎಂದಿತು, ಇನ್ನೊಂಚೂರು ಗುಬ್ಬೀ, ಇನ್ನೊಂಚೂರು ಓಡಿಸು, ಮೋಟರಿನ ಸುಟ್ಟ ವಾಸನೆ ಬಂತು, ಬರಲಿ, ಮುಚ್ಚಳಕ್ಕೆ ಕಿವಿ ಇಟ್ಟೆ, ಕೆನ್ನೆ ನಡುಗಿತು, ಹಲ್ಲು ನಡುಗಿತು, ಮದುವೆಯಾದ ಹೊಸದರಲ್ಲಿಯೂ ಇಷ್ಟು ಹತ್ತಿರದಿಂದ ಮಾತಾಡಿರಲಿಲ್ಲ ಯಾರೂ — ಟಪ್. ಬಿಸಿ ತಾಳದೆ ತಾನೇ ನಿಂತಿತು. ಆಗ ಕೇಳಿಸಿತು, ಅತ್ತಿಗೇ, ಅತ್ತಿಗೇ, ಹರಿದುಹೋದ ದನಿ, ಯಾವಾಗಿನಿಂದಲೋ ಕೂಗಿ ಕೂಗಿ ಹರಿದ ದನಿ, ಓಡಿದೆ, ಬಾಗಿಲಲ್ಲಿ ಕಾಲು ನಿಂತಿತು, ಅವರ ಮುಖ ನೀಲಿ, ನಾದಿನಿ ಬೆನ್ನಿಗೆ ಗುದ್ದುತ್ತಿದ್ದಾಳೆ, ಕೆಳತುಟಿಯ ಮೇಲೆ ಟೊಮೇಟೊ ಸಿಪ್ಪೆಯ ಕೆಂಪು ಚೂರು, ಎಡಗೈ ಮೇಲಕ್ಕೆ, ತೋರುಬೆರಳು ನೆಟ್ಟಗೆ. ಇನ್ನೊಂದು ಗುದ್ದಿಗೆ ಉಸಿರು ಬಂತು. ಕಿವಿಗೇನು ಹತ್ತಿ ತುರುಕಿಕೊಂಡಿದ್ರಾ ಅತ್ತಿಗೆ, ಅಣ್ಣ ಹೋಗೇಬಿಟ್ಟಿದ್ದ, ಹೋಗೇಬಿಟ್ಟಿದ್ದ, ಎಂದು ನಾದಿನಿ ನೆಲದ ಮೇಲೆ ಕುಸಿದು ಅತ್ತಳು, ನಾನು ಬೆರಳು ನೋಡುತ್ತಿದ್ದೆ, ಉಸಿರು ಬಂದ ಮೇಲೂ ಇಳಿಸಿರಲಿಲ್ಲ ಅವರು.

ಆ ಬೆರಳು ನನಗೆ ಗೊತ್ತು. ಪಕ್ಕದ ಸೀಟಿನಲ್ಲಿ ಕೂತು ಎತ್ತುತ್ತಿದ್ದದ್ದು, ಕಲಿಯಲು ಬಂದವರಿಗೆಲ್ಲ ಮೊದಲ ದಿನವೇ ಹೇಳುತ್ತಿದ್ದರು, ನಾನು ಕೂಗಾಡಲ್ಲ, ಕೂಗಿದ್ರೆ ಗಾಬರಿಯಾಗ್ತೀರಾ, ಬೆರಳು ನೆಟ್ಟಗಾಯ್ತಾ, ಕಾಲು ಬ್ರೇಕಿನ ಮೇಲಿರಬೇಕು, ಯಾಕೆ ಏನು ಅಂತ ಆಮೇಲೆ ಕೇಳಿ. ನಿಲ್ಲಿಸು. ಅಷ್ಟೇ ಅದರ ಅರ್ಥ. ನಾದಿನಿಗೆ ಚಮಚ ನಿಲ್ಲಿಸು ಎಂದರೇ, ಆದರೆ ಅವಳು ಬೆನ್ನ ಹಿಂದಿದ್ದಳು, ಅವರ ಕಣ್ಣು ಅವಳ ಮೇಲಿರಲಿಲ್ಲ, ಬಾಗಿಲಲ್ಲಿದ್ದ ನನ್ನ ಮೇಲೂ ಇರಲಿಲ್ಲ, ನನ್ನನ್ನು ದಾಟಿ ಅಡುಗೆಮನೆಯ ಕಡೆಗಿತ್ತು, ಹೆದರಿದ ಕಣ್ಣು, ಲಾರಿ ಎದುರಿಗೆ ಬಂದಾಗಲೂ ನಾನು ಕಾಣದ ಹೆದರಿಕೆ — ಅವರಿಗೂ ಕೇಳಿಸುತ್ತಿತ್ತೇ, ಇಷ್ಟು ದಿನವೂ, ಮಂಚದ ಮೇಲೆ ತುಟಿ ಮುಚ್ಚಿ ಬಿದ್ದುಕೊಂಡು, ತಮ್ಮದೇ ದನಿ ಅಡುಗೆಮನೆಯಲ್ಲಿ ಕೂತು ತಮ್ಮ ಹೆಂಡತಿಯ ಹತ್ತಿರ ನಗೆಯಾಡುವುದು, ಅವಳು ಓಗೊಡುವುದು. ಅದು ಅವರಾದರೆ ಅವರು ಉಸಿರುಕಟ್ಟಿ ಒದ್ದಾಡುವಾಗ ಆರಿಸಬೇಡ ಎಂದದ್ದು ಯಾರು. ಅಪರಿಚಿತರ ಕಾರು ಕೆಟ್ಟು ನಿಂತರೂ ಊಟ ಬಿಟ್ಟು ಇಳಿದುಹೋಗುತ್ತಿದ್ದ ಮನುಷ್ಯ, ತನ್ನ ಗಂಟಲಿಗೆ ತರಿ ಸಿಕ್ಕಲಿ, ಮಾತು ಮುಗಿಯಲಿ ಎನ್ನುತ್ತಾರೆಯೇ. ಅಲ್ಲ. ಅವರಲ್ಲ. ಆದರೂ ದನಿ ಅವರದೇ, ಗುಬ್ಬಿಯ ಬ ಮೇಲೆ ಕೊಡುವ ಒತ್ತು ಕೂಡ ಅವರದೇ, ಇದನ್ನು ಇಲ್ಲಿ ಬಿಟ್ಟುಹೋದರೆ ಆ ಒತ್ತನ್ನು ಇನ್ನೆಲ್ಲಿ ಕೇಳಲಿ, ಮೊಬೈಲಿನಲ್ಲಿ ಒಂದು ಮಾತನ್ನೂ ಉಳಿಸಿಕೊಂಡಿಲ್ಲ, ಮನೆಯಲ್ಲೇ ಇರುವ ಗಂಡನ ದನಿಯನ್ನು ಯಾರಾದರೂ ಹಿಡಿದಿಡುತ್ತಾರೆಯೇ. ಹೊಸದು ಬಂದರೆ ಅವರು ಉಳಿಯುತ್ತಾರೆ, ಮೂಕರಾಗಿ, ಕೆನ್ನೆ ತುಂಬಿಕೊಂಡು. ಇದು ಉಳಿದರೆ ದನಿ ಉಳಿಯುತ್ತದೆ. ಎಷ್ಟು ಸುಲಭದ ಲೆಕ್ಕ, ನಾದಿನಿಗೆ ಹೇಳಿದರೆ ಕಪಾಳಕ್ಕೆ ಬಾರಿಸುತ್ತಾಳೆ, ಬಾರಿಸಲಿ, ಆದರೂ ಬೆಳಗ್ಗೆ ಚೀಲಕ್ಕೆ ಹಾಕುವಾಗ ಕೈ ಬರಲಿಲ್ಲ, ಕೊನೆಯ ಸಲ ಎಂದು ಓಡಿಸಿದೆ, ಅದು ಒಂದು ಮಾತೂ ಆಡಲಿಲ್ಲ, ಮುನಿಸಿಕೊಂಡವರ ಹಾಗೆ ಬರೀ ಉಸಿರು, ಒಳಕ್ಕೂ ಹೊರಕ್ಕೂ.

ಏನಮ್ಮಾ, ತೀರ್ಮಾನ ಆಯ್ತಾ, ಬನ್ನಿ ಹಳೇದನ್ನ ಒಂದ್ಸಲ ಓಡಿಸಿ ನೋಡೋಣ, ಓಡಿದ್ರೇನೇ ಎಕ್ಸ್‌ಚೇಂಜು, ಎಂದು ಡೆಮೊದವನು ನಾನು ಏಳುವ ಮೊದಲೇ ಚೀಲ ಎತ್ತಿಕೊಂಡ, ಅಬ್ಬಬ್ಬಾ ಏನಿದು ಇಷ್ಟು ಭಾರ, ಕಲ್ಲು ತುಂಬಿದೀರಾ, ಮೇಜಿನ ಮೇಲಿಟ್ಟ, ಪ್ಲಗ್ಗು ಸಿಕ್ಕಿಸಿದ, ಹೊಳೆಯುವ ಹೊಸದರ ಪಕ್ಕ ನಮ್ಮದು ಅಳಿಯನ ಮನೆಗೆ ಬಂದ ಬಡ ಮಾವನ ಹಾಗೆ ಕಾಣುತ್ತಿದೆ, ಖಾಲಿ ಜಾರು, ಸ್ವಿಚ್ ಒತ್ತಿದ. ಗುಬ್ಬೀ. ಅವನು ಥಟ್ಟನೆ ಆರಿಸಿದ. ಹಿಂದೆ ತಿರುಗಿ ನೋಡಿದ, ಫ್ರಿಜ್ಜುಗಳ ಸಾಲಿನ ಕಡೆ, ಯಾರೂ ಇಲ್ಲ, ಮೈಕು ತುಟಿಯಿಂದ ಸರಿಸಿ, ಅಮ್ಮಾ, ನೀವೇನಾದ್ರೂ ಕರೆದ್ರಾ? ಇಲ್ಲಪ್ಪಾ ಎಂದೆ. ಅಲ್ಲ, ಗಂಡಸಿನ ದನಿ ಇದ್ದ ಹಾಗಿತ್ತು, ಎಂದು ನಗಲು ನೋಡಿದ, ನಗು ಬರಲಿಲ್ಲ, ಇರಲಿ ಇನ್ನೊಂದ್ಸಲ ನೋಡ್ತೀನಿ, ಒತ್ತಿದ, ಗುಬ್ಬೀ ಇವನ ಕೈಯಲ್ಲಿ ಬಿಡಬೇಡ ನನ್ನ, ಗುಬ್ಬೀ ಮನೆಗೆ ಹೋಗೋಣ, ಮೇಜು ನಡುಗುತ್ತಿದೆ, ಚಮಚ ನಡುಗುತ್ತಿದೆ, ಕ್ಯಾರೆಟ್ಟಿನ ರೇಷ್ಮೆಯ ಮೇಲೆ ಸಣ್ಣ ಅಲೆ ಏಳುತ್ತಿದೆ, ಇನ್ನೊಂಚೂರು ಗುಬ್ಬೀ, ಇನ್ನೊಂಚೂರು, ಡೆಮೊದವನ ಬೆರಳು ಸ್ವಿಚ್ಚಿನ ಮೇಲೆಯೇ ಇದೆ, ಅವನೂ ಆರಿಸುತ್ತಿಲ್ಲ, ಅವನೂ ಕೇಳುತ್ತಿದ್ದಾನೆ, ಇಬ್ಬರೂ ಕೇಳುತ್ತಿದ್ದೇವೆ, ಈಗ ಮನೆಯಲ್ಲಿ ಯಾರು ಕೂಗುತ್ತಿದ್ದಾರೋ, ಈ ಸದ್ದಿನ ಅಡಿಯಲ್ಲಿ ಯಾರ ಕೂಗು ಮುಳುಗುತ್ತಿದೆಯೋ — ಕೈ ಎದ್ದಿತು. ನನ್ನದೇ ಎಡಗೈ, ತೋರುಬೆರಳು ನೆಟ್ಟಗೆ, ನಾನು ಎತ್ತಿದ ಹಾಗಿಲ್ಲ. ಅವನು ಆರಿಸಿದ. ಅದನ್ನ ಇಟ್ಕೊಳ್ಳಪ್ಪಾ ಎಂದೆ, ಹೊಸದನ್ನ ಕಟ್ಟಿಕೊಡು, ಬೇಗ, ಮನೆಗೆ ಹೋಗಬೇಕು. ಪ್ಲಗ್ಗು ಕಿತ್ತು ಹಳೆಯದನ್ನು ಎದೆಗವಚಿಕೊಂಡು ಒಳಗೆ ಹೋಗುತ್ತಿದ್ದಾನೆ, ಪ್ಲಗ್ಗು ನೆಲದ ಮೇಲೆ ಎಳೆದುಕೊಂಡು ಹೋಗುತ್ತಿದೆ, ಪರದೆಯ ಹಿಂದೆ ಮರೆಯಾದ, ಅಲ್ಲಿಂದ ಮತ್ತೆ ಗುಬ್ಬೀ, ಕರೆಂಟೇ ಇಲ್ಲವಲ್ಲ, ಪ್ಲಗ್ಗು ಕಿತ್ತಾಗಿದೆಯಲ್ಲ, ಕೇಳಬಾರದು, ನಾನು ಕೇಳುವುದಿಲ್ಲ, ಅವರನ್ನೇ ನೆನೆಯುತ್ತೇನೆ, ಕೆಳತುಟಿಯ ಮೇಲೆ ಕೆಂಪು ಚೂರು, ಮೇಲೆದ್ದ ಎಡಗೈ, ಬೆರಳು, ನೆಟ್ಟಗೆ, ಇನ್ನೂ ಇಳಿಸದ ಬೆರಳು.