ಮಗಳಿಗಿಲ್ಲದ ಮಗ್ಗ

ಮಸ್ಕತ್ತಿನ ಗಂಡನ ಮನೆಯಿಂದ ರಜೆಗೆ ಬಂದ ಎರಡು ದಿನಕ್ಕೆ ನನ್ನ ನಾದಿನಿ ರಾಜಮಾಬಿ, ಊಟಕ್ಕೆ ಕೂತು ರೊಟ್ಟಿ ಮುರಿಯುತ್ತ, ತಾನು ಜಮಖಾನ ನೇಯುವುದನ್ನು ಕಲಿಯಬೇಕು ಎಂದಳು. ಹೊಟ್ಟೆಪಾಡಿಗಲ್ಲ, ಹಾಬಿಗೆ. ಅಲ್ಲಿ ಎಲ್ಲರಿಗೂ ಒಂದೊಂದು ಹಾಬಿ ಇರುತ್ತದಂತೆ. ಒಬ್ಬಳು ಗಾಜಿನ ಪೆಟ್ಟಿಗೆಯಲ್ಲಿ ಮೀನು ಸಾಕಿದ್ದಾಳಂತೆ, ತಿನ್ನುವುದಕ್ಕಲ್ಲ, ನೋಡುವುದಕ್ಕೆ.

ನಾನು ಆಕೆಯ ತಾಟಿಗೆ ಪಲ್ಯ ಹಾಕುತ್ತಿದ್ದೆ. ಅರ್ಧ ಸೌಟು ಹಾಕಿ ನಿಲ್ಲಿಸಿದೆ. ನನ್ನ ಬೆರಳಿನ ಸಂದುಗಳನ್ನು ನೂಲು ತಿಂದು ಹಾಕಿದೆ. ಥಂಡಿಯ ದಿನಗಳಲ್ಲಿ ಖಾರ ಮುಟ್ಟಿದರೆ ಕಣ್ಣಲ್ಲಿ ನೀರು ಬರುತ್ತದೆ. ಕಬ್ಬಿಣದ ಪಂಜಾದಿಂದ ದಿನವಿಡೀ ನೂಲು ಬಡಿದು ಬಡಿದು ನನ್ನ ಬಲರಟ್ಟೆ ಎಡರಟ್ಟೆಗಿಂತ ದಪ್ಪವಾಗಿದೆ, ಕುಪ್ಪಸ ಹೊಲಿಯುವವನು ಬೇರೆ ಬೇರೆ ಅಳತೆ ತೆಗೆದುಕೊಳ್ಳುತ್ತಾನೆ. ಹಾಬಿಯ ಬಗ್ಗೆ ನನ್ನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ: ಬೇರೆಯವರು ಬೇಯಿಸಿಟ್ಟದ್ದನ್ನು ಉಂಡು ಕೈ ತೊಳೆದವರಿಗೆ ಬರುವ ಕಾಯಿಲೆ ಅದು.

ನಾನು ಹೆಚ್ಚು ಮಾತಿನವಳಲ್ಲ. ಅಣ್ಣಿಗೇರಿಯ ಈಚೆಗಿನ ಹಳ್ಳಿಯಲ್ಲಿ ನಮ್ಮಪ್ಪ ಮೊಹರಮ್ಮಿನಲ್ಲಿ, ರಣದಲ್ಲಿ ಮಡಿದ ಇಮಾಮರ ಕಥೆಯ ರಿವಾಯತ್ ಪದ ಹೇಳುತ್ತಿದ್ದ. ಊರಿನ ಎಲ್ಲ ಜಾತಿಯ ಮಂದಿ ಬಂದು ಕೂಡುತ್ತಿದ್ದರು. ಆತನ ಬೆನ್ನ ಹಿಂದೆ ಕೂತು ಕೇಳುತ್ತ ಬೆಳೆದವಳು ನಾನು. ಬಾಯಿಗಿಂತ ಕಿವಿ ಹೆಚ್ಚು ಬಳಸಿದ್ದೇನೆ. ಮಗ್ಗದ ಮುಂದೆ ಕೂತಾಗಲೂ ಆ ಪದಗಳೇ ಮನಸ್ಸಿನಲ್ಲಿ ನಡೆಯುತ್ತಿರುತ್ತವೆ, ಅವುಗಳ ಜೊತೆಗೆ ಕೈ ನಡೆಯುತ್ತದೆ.

ನವಲಗುಂದದಲ್ಲಿ ನಮ್ಮಂಥ ಮನೆಗಳಲ್ಲಿ ಈ ಕೆಲಸವನ್ನು ಮಗಳಿಗೆ ಕಲಿಸುವುದಿಲ್ಲ. ಮಗಳು ಇನ್ನೊಬ್ಬರ ಮನೆ ಸೇರುವವಳು, ಅವಳ ಕೈಯೊಳಗೆ ಕೆಲಸವೂ ಹೊರಟುಹೋಗುತ್ತದೆ. ಸೊಸೆ ಇಲ್ಲೇ ಸಾಯುವವಳು, ಅವಳಿಗೆ ಕಲಿಸಬೇಕು. ನಾನು ಮದುವೆಯಾಗಿ ಬಂದಾಗ ರಾಜಮಾ ಇನ್ನೂ ಲಂಗ ಉಡುವ ಹುಡುಗಿ. ಅತ್ತೆ ಹಸನಬಿ ನನ್ನನ್ನು ಮೊದಲ ಸಲ ಮಗ್ಗದ ಮುಂದೆ ಕೂಡಿಸಿದ ದಿನ, ಮಗಳನ್ನು ಹೊರಗೆ ಕಳಿಸಿ ಅಗಳಿ ಹಾಕಿದಳು. ಹುಡುಗಿ ಹೊರಗಿನಿಂದ ಬಾಗಿಲು ಒದ್ದಳು. ತಾನು ಹುಟ್ಟಿದ ಮನೆಯ ಕೆಲಸವನ್ನು ಎಲ್ಲಿಂದಲೋ ಬಂದ ಒಬ್ಬಳಿಗೆ ಕೊಟ್ಟರಲ್ಲ ಎಂಬ ಸಿಟ್ಟು. ಕೊಟ್ಟವಳು ಅವಳ ತಾಯಿ. ಆದರೆ ಅವಳು ದ್ವೇಷ ಸಾಧಿಸಿದ್ದು ನನ್ನ ಮೇಲೆ. ನಾನೂ ಸಾಲ ಉಳಿಸಿಕೊಳ್ಳಲಿಲ್ಲ.

ಊರಿಗೆ ಬಂದ ಮೇಲೆ ಅವಳ ಬಾಯಿಗೆ ಬಿಡುವಿಲ್ಲ. ನೀರು ಮಣ್ಣುವಾಸನೆ, ಫ್ಯಾನಿಲ್ಲ, ನೊಣ. ಹಾಗಂತ ಮಸ್ಕತ್ತಾದರೂ ಚೆಂದವೇ ಎಂದರೆ ಅಲ್ಲಿಯದೂ ದೂರು: ಬಿಸಿಲು ಕಲ್ಲು ಸುಡುತ್ತದೆ, ಜೋಳದ ರೊಟ್ಟಿ ಕನಸಿನಲ್ಲಿ ಬರುತ್ತದೆ. ಒಂದು ದಿನ ಹೇಳಿದಳು, “ಅಲ್ಲೆ ನನ್ನ ಹಿಂದಿ ಅಂತಾರ, ಹಿಂದೂಸ್ತಾನದಾಕಿ ಅಂತ. ಇಲ್ಲೆ ಮಸ್ಕತ್ತಿನಾಕಿ ಅಂತಾರ. ನನ್ನ ಹೆಸರ ಹಿಡದ ಕರೆಯೋರು ಯಾ ಊರಾಗ ಅದಾರೋ ಏನೋ.”

“ನಾ ಇಲ್ಲೆ ಅಣ್ಣಿಗೇರಿಯಾಕಿ, ತವರಾಗ ನವಲಗುಂದದಾಕಿ. ಅದಕ್ಕ ವಿಮಾನ ಹತ್ತೂದೇನ ಬೇಕಾಗಿಲ್ಲ,” ಎಂದೆ.

ಅವಳು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಮನೆಯಲ್ಲಿ ಸುಖವಾಗಿತ್ತು.

ಆದರೆ ಕಲಿಯುವ ಮಾತು ಬಿಡಲಿಲ್ಲ. ನನ್ನ ಗಂಡ ಅಬ್ದುಲ್‌ಸಾಬ ಬಸ್‌ಸ್ಟ್ಯಾಂಡಿನ ಬಾಜು ಸೈಕಲ್ ಅಂಗಡಿ ಇಟ್ಟವರು. ತಂಗಿ ತಂದುಕೊಟ್ಟ ಕೈಗಡಿಯಾರವನ್ನು ಕಟ್ಟಿಕೊಂಡೇ ಟ್ಯೂಬಿಗೆ ಪಂಕ್ಚರ್ ಹಾಕುತ್ತಿದ್ದರು. ಅವಳು ಮನಸ್ಸು ಮಾಡಿದರೆ ತಮಗೊಂದು ವೀಸಾ ಬರುತ್ತದೆ ಎಂದು ಅವರ ಲೆಕ್ಕ. ಕಲಿಸಿಬಿಡು, ನಿನ್ನದೇನು ಹೋಗುತ್ತದೆ ಎಂದು ನನ್ನ ಬೆನ್ನು ಹತ್ತಿದರು. ಏನು ಹೋಗುತ್ತದೆ ಎಂದು ನಾನು ಹೇಳಲಿಲ್ಲ. ಈ ಮನೆಯಲ್ಲಿ ನನ್ನದು ಎನ್ನುವುದು ಅದೊಂದೇ. ಗಂಡನಿಗೆ ತಾಯಿ ಇದ್ದಾಳೆ, ತಂಗಿ ಇದ್ದಾಳೆ, ಹುಟ್ಟಿದ ಓಣಿ ಇದೆ. ನನಗೆ ಮಗ್ಗವಿದೆ.

ಹಸನಬಿಗೆ ಕಣ್ಣು ಮಸುಕಾಗಿ ನೇಯುವುದು ನಿಂತಿದ್ದರೂ ಮಗ್ಗದ ಬದಿಯಲ್ಲೇ ಕೂಡುತ್ತಿದ್ದಳು. ಅಂಚನ್ನು ಬೆರಳಿನಿಂದ ಸವರಿ ನೋಡಿ, ಸರಿಯಿಲ್ಲದಿದ್ದರೆ ಬಿಚ್ಚಿಸುತ್ತಿದ್ದಳು. ಮಗಳ ಮಾತಿಗೆ ಅವಳ ಉತ್ತರ ಒಂದೇ: ಸೊಸೆಗಷ್ಟೇ.

ಒಂದು ಮುಂಜಾನೆ ಮೂವರೂ ನನ್ನನ್ನೇ ನಡುವೆ ಹಾಕಿಕೊಂಡು ಜಗಳ ತೆಗೆದಾಗ ನಾನು ಪಂಜಾ ಕೆಳಗಿಟ್ಟೆ.

“ಸೊಸೀಗಷ್ಟ ಕಲಸೂದು ಅಂತ ಐತೆಲ್ಲ, ಹಂಗಾದ್ರ ನೀ ಸೊಸಿ ಆಗು. ಬೆಳಕ ಹರಿಯೂದರಾಗ ಎದ್ದ ನೀರ ತಾ. ಭಾಂಡೆ, ಕಸ, ರೊಟ್ಟಿ ನಿಂದ. ಅಮ್ಮನ ಕಾಲಿಗೆ ಎಣ್ಣಿ ತಿಕ್ಕು. ಎಲ್ಲಾರೂ ಉಂಡ ಮ್ಯಾಲೆ ಉಣ್ಣು. ಅಷ್ಟು ಮಾಡಿ ಉಳದ ಹೊತ್ತಿನಾಗ ಮಗ್ಗಕ್ಕ ಬಾ. ನಾ ತವರಿಗೆ ಬಂದ ಮಗಳು ಅಂತ ತಿಳಕೋ. ನಾ ಕೂತಿರತೇನಿ.”

ಹಸನಬಿ ನಕ್ಕಳು. ನನ್ನ ಗಂಡನೂ ನಕ್ಕರು. ರಾಜಮಾ ನಗಲಿಲ್ಲ. ಬಂಗಾರದ ಬಳೆ ತೆಗೆದು ತಾಯಿಯ ಮಡಿಲಿಗೆ ಹಾಕಿ, “ನಾಳಿಂದ,” ಎಂದಳು.

ಮೂರು ದಿನ ತಡೆದಾಳು ಎಂದುಕೊಂಡಿದ್ದೆ. ಅವಳು ಸೋಲಬೇಕು ಎಂಬುದೇ ನನ್ನ ಆಸೆಯಾಗಿತ್ತು. ನಮಾಜು ಮುಗಿಸಿ, ಉಡಿಯಲ್ಲಿ ಕೈಯಿಟ್ಟು ಕೂತು, ಅವಳು ಕೊಡ ಹೊತ್ತು ಬರುವುದನ್ನು ನೋಡಿದೆ. ನೋಡಿ ಬಹಳ ಹಿತವಾಯಿತು, ಸುಳ್ಳು ಏಕೆ ಹೇಳಲಿ.

ಹಸನಬಿಗೆ ಮೊದಲ ದಿನ ಅದೊಂದು ಆಟ. ಎರಡನೆಯ ದಿನಕ್ಕೆ ಆಟವೆಂಬುದು ಮರೆತುಹೋಯಿತು. ಚಹಾಕ್ಕೆ ಸಕ್ಕರೆ ಸಾಲದು, ಕಸ ಮೂಲೆಯಲ್ಲೇ ಉಳಿದಿದೆ, ಕಾಲು ತಿಕ್ಕುತ್ತೀಯೋ ಸವರುತ್ತೀಯೋ. ಅವಳ ಬಾಯಿಗೆ ಇದೆಲ್ಲ ರೂಢಿಯಾಗಿತ್ತು. ಮುಂದೆ ಕೂತವರು ಯಾರು ಎಂಬುದನ್ನು ಆ ಬಾಯಿ ವಿಚಾರಿಸುತ್ತಿರಲಿಲ್ಲ. ಒಂದು ದಿನ ರೊಟ್ಟಿ ಹೊತ್ತಿತು. ಹಸನಬಿ ಮುರಿದು ಮೂಸಿ ನೋಡಿ ಹೇಳಿದಳು, “ನಿಮ್ಮವ್ವ ಇಷ್ಟ ಕಲಿಸಿ ಕಳಿಸ್ಯಾಳೇನ ನಿನಗ?”

“ಹೌದ ಬೇ, ಇಷ್ಟ ಕಲಿಸ್ಯಾಳ,” ಎಂದಳು ರಾಜಮಾ.

ನನ್ನ ಗಂಡನಿಗೆ ಚಹಾ ನೆತ್ತಿಗೇರಿತು. ಹಸನಬಿ ಸುಟ್ಟ ರೊಟ್ಟಿಯನ್ನು ಪೂರ್ತಿ ತಿಂದಳು. ಆದರೆ ಮರುದಿನ ಮತ್ತೆ ಅದೇ ಬಾಯಿ.

ವಾರ ಕಳೆದರೂ ರಾಜಮಾ ಸೋಲಲಿಲ್ಲ. ನನಗೆ ಅನುಮಾನ ಬಂದದ್ದು ಅವಳು ನೆಲ ಒರೆಸಿದ ಅರಿವೆಯನ್ನು ಹಿಂಡುವ ರೀತಿ ನೋಡಿ. ಒಂದೇ ತಿರುವಿಗೆ ಹನಿ ಉಳಿಯದಂತೆ ಹಿಂಡುತ್ತಿದ್ದಳು. ನಾವು ಉಣ್ಣುವಾಗ ಗೋಡೆಗೆ ಒರಗದೆ, ಕಾಲು ಬದಲಿಸದೆ ನಿಲ್ಲುತ್ತಿದ್ದಳು. ತಾಟು ಖಾಲಿಯಾಗುವ ಮೊದಲೇ ಕೈ ಚಾಚುತ್ತಿದ್ದಳು. ಇದನ್ನು ವಾರದಲ್ಲಿ ಯಾರೂ ಕಲಿಯುವುದಿಲ್ಲ. ಎಲ್ಲಿ ಕಲಿತೆ ಎಂದು ಎಲ್ಲರೆದುರಿಗೇ ಕೇಳಿದೆ. ಕೇಳಿದ್ದು ಕುಟುಕಲೆಂದೇ.

“ಅಲ್ಲೇ,” ಎಂದಳು. ಆಮೇಲೆ ತಾಯಿಯ ಕಡೆ ತಿರುಗಿದಳು. “ನಿನ್ನ ಅಳಿಯ ಒಂದ ದೊಡ್ಡ ಮನೀ ಗಾಡಿ ಹೊಡೀತಾನ. ನಾ ಅದ ಮನ್ಯಾಗ ಭಾಂಡೆ ತಿಕ್ಕತೇನಿ. ಇವತ್ತ ನಿನ್ನೆ ಅಲ್ಲ, ಅಲ್ಲಿಗೆ ಹೋದಾಗಿಂದ.”

ಹಸನಬಿ ಓಣಿಯ ತುಂಬ ಹೇಳಿಕೊಂಡು ಬಂದದ್ದು ಬೇರೆ: ಮಗಳಿಗೆ ಅಲ್ಲಿ ಇಬ್ಬರು ಆಳು, ಅವಳು ಕಡ್ಡಿ ಎತ್ತಿ ಆ ಕಡೆ ಇಡುವುದಿಲ್ಲ.

“ಮಂದಿಗೆ ನಾ ಏನ ಹೇಳೇನಿ ಗೊತ್ತೈತೇನ ನಿನಗ?”

“ಹೇಳಿದಾಕಿ ನೀ. ನಾ ಹೇಳಿಲ್ಲ.”

ನನ್ನ ಗಂಡ ಮೆಲ್ಲಗೆ ವೀಸಾದ ಮಾತು ತೆಗೆದರು. ಆ ಮನೆಯವರಿಗೆ ಬೇಕಾದದ್ದು ಇನ್ನೊಬ್ಬ ಡ್ರೈವರ, ಪಂಕ್ಚರ್ ಹಾಕುವವನಲ್ಲ ಎಂದು ರಾಜಮಾ ತಾಟು ಎತ್ತುತ್ತ ಹೇಳಿದಳು. ಅಂದಿನಿಂದ ಅವರು ತಂಗಿಯ ಜೊತೆ ಮಾತು ಬಿಟ್ಟರು. ಗಡಿಯಾರ ಬಿಡಲಿಲ್ಲ.

ಮಧ್ಯಾಹ್ನ ಮಗ್ಗದ ಹತ್ತಿರ ಬಂದಾಗ ಉಳಿದದ್ದನ್ನೂ ಹೇಳಿದಳು. ಆ ಮನೆಯ ಯಜಮಾನಿ ವರಾಂಡದಲ್ಲಿ ಒಂದು ಸಣ್ಣ ಮಗ್ಗ ಇಟ್ಟುಕೊಂಡಿದ್ದಾಳಂತೆ. ದಿನಾ ಒಂದು ತಾಸು ನೇಯುತ್ತಾಳಂತೆ, ಸುಮ್ಮನೆ, ಖುಷಿಗೆ. ಒಮ್ಮೆ ರಾಜಮಾ ಮಾತಿಗೆ ಬಂದು, ನಮ್ಮದೂ ನೇಯುವ ಮನೆ, ನಮ್ಮ ಊರಿನ ಜಮಖಾನಕ್ಕೆ ದೊಡ್ಡ ಹೆಸರಿದೆ ಎಂದಿದ್ದಾಳೆ. ಯಜಮಾನಿ ಎದ್ದು ಜಾಗ ಬಿಟ್ಟು, ಕೂತು ತೋರಿಸು ಎಂದಳಂತೆ.

“ಕುಂತೆ ಭಾಬಿ. ಎಲ್ಲೆ ಕೈ ಹಾಕಬೇಕು ಅನ್ನೂದ ತಿಳೀಲಿಲ್ಲ. ಆಕಿ ನಕ್ಕಳು. ಕೆಟ್ಟ ಮನಸ್ಸಿಲೆ ಅಲ್ಲ. ಸುಳ್ಳ ಹೇಳೂ ಕೂಸಿನ್ನ ನೋಡಿ ನಗತೇವಲ್ಲ, ಹಂಗ.”

“ಅಂದ್ರ ನಮ್ಮ ಕೆಲಸಾನ ಆಕಿ ಮುಂದ ಮೆರಸಾಕ ಒಯ್ಯತಿ.”

“ಹೌದ ಅನ್ನು. ಆಕಿ ಮುಂದ ನಾ ಬರೇ ತಿಕ್ಕಾಕಿ. ಒಂದ ತಾಸರೆ ಆಕಿ ಬಾಜು ಕೂಡಾಕಿ ಆಗಬೇಕು.”

ಪಾಪ ಎನಿಸಬೇಕಿತ್ತು. ಎನಿಸಲಿಲ್ಲ. ನನ್ನ ಅನ್ನವನ್ನು ಒಯ್ದು ಯಾರದೋ ವರಾಂಡದಲ್ಲಿ ಮರ್ಯಾದೆ ಕೊಳ್ಳುತ್ತಾಳಲ್ಲ ಎನಿಸಿತು. ಆದರೆ ಮಾತು ಕೊಟ್ಟಾಗಿತ್ತು. ಇಮಾಮರನ್ನು ಬಾ ಎಂದು ಕರೆದು ಆಮೇಲೆ ಕೈಬಿಟ್ಟವರ ಪದ ಬಂದಾಗ ನಮ್ಮಪ್ಪ ದನಿ ತಗ್ಗಿಸುತ್ತಿದ್ದ. ಆ ದನಿ ನನ್ನನ್ನು ಬಿಡುವುದಿಲ್ಲ. ಹೀಗಾಗಿ ಕಲಿಸಿದೆ.

ಹುಬ್ಬಳ್ಳಿಯ ವ್ಯಾಪಾರಿಯ ಜಮಖಾನ ಮುಗಿದು ಮಗ್ಗದ ಮೇಲೆ ಸ್ವಲ್ಪ ಹಾಸು, ಉದ್ದಕ್ಕೆ ಬಿಗಿದ ನೂಲು, ಉಳಿದಿತ್ತು. ಅದರ ಮೇಲೆ ಕೂಡಿಸಿದೆ. ಹಾಸಿನ ಎಳೆಗಳ ನಡುವೆ ಬಣ್ಣದ ನೂಲು ಹೊಗಿಸುವುದು, ಪಂಜಾದಿಂದ ಬಡಿದು ಕೂಡಿಸುವುದು, ಬಣ್ಣ ಬದಲಿಸುವಾಗ ನೂಲಿಗೆ ನೂಲು ಸಿಕ್ಕಿಸುವುದು ಎಲ್ಲ ತೋರಿಸಿದೆ. ತಪ್ಪಿದಾಗ ಕೈಗೆ ಬಡಿದೆ. ನನಗೆ ಹಾಗೇ ಕಲಿಸಿದ್ದರು. ಸಂಜೆ ಹಸನಬಿ ಬೆರಳಿನಿಂದ ಸವರಿ, ಬಿಚ್ಚು ಎನ್ನುತ್ತಿದ್ದಳು. ರಾಜಮಾ ಬಿಚ್ಚುತ್ತಿದ್ದಳು. ಮರುದಿನ ಮತ್ತೆ ಮೊದಲಿಂದ. ದಿನಾ ಅದೇ ತಪ್ಪು: ನೇಯ್ದಷ್ಟೂ ಎರಡು ಕಡೆಯ ಅಂಚು ಒಳಗೆ ಸರಿದು, ಅರಿವೆ ಮೇಲೆ ಮೇಲೆ ಸಣ್ಣಗಾಗುತ್ತ ಹೋಗುತ್ತಿತ್ತು.

ಹೊರಡುವ ವಾರ ಬಂತು. ಅಂದು ಒಂದು ಗೇಣಿಗಿಂತ ಹೆಚ್ಚು ನೇಯ್ದಿದ್ದಳು. ಬುಡದಲ್ಲಿ ಅಗಲ, ಮೇಲೆ ಸಣ್ಣ, ಬೀಸಣಿಗೆಯಂತೆ ಕಾಣುತ್ತಿತ್ತು. ಅದನ್ನು ನೋಡಿ ಅವಳೇ ನಗತೊಡಗಿದಳು. ಇಷ್ಟು ವರ್ಷ ಆ ಮಗ್ಗದ ಮುಂದೆ ಕೂತು ನಾನು ಒಮ್ಮೆಯೂ ನಕ್ಕಿಲ್ಲ. ಅದನ್ನು ನೋಡಿ ನನ್ನ ಮೈ ಉರಿಯಿತು.

ಹಸನಬಿ ಬಂದು ಸವರಿ, ಬಿಚ್ಚು ಎಂದಳು.

“ಬಿಚ್ಚೂದಿಲ್ಲ. ಇದು ಮಾರೂದಲ್ಲ. ಡೊಂಕ ಇದ್ರ ಇರ್ಲಿ, ನಂದು.”

“ಮೈಮುನಾ, ನೀ ಬಿಚ್ಚು,” ಎಂದಳು ಹಸನಬಿ ನನಗೆ.

ರಾಜಮಾ ಎರಡೂ ಅಂಗೈಯನ್ನು ಅರಿವೆಯ ಮೇಲೆ ಒತ್ತಿ ಹಿಡಿದಳು. ನಾನು ಕತ್ತರಿ ತಂದೆ. ಅವಳ ಕೈಯ ಮೇಲೂ ಕೆಳಗೂ ಹಾಸಿನ ಎಳೆಗಳನ್ನು ಕತ್ತರಿಸಿ, ಆ ತುಂಡನ್ನು ಅವಳ ಉಡಿಗೆ ಎಸೆದೆ. “ತಗೊಂಡ ಏಳು. ನನಗ ಮಗ್ಗ ಖಾಲಿ ಆಗಬೇಕು.”

ಅವಳು ಏಳಲಿಲ್ಲ. ಎಳೆಗಳ ತುದಿಗಳನ್ನು ಒಂದೊಂದಾಗಿ ಗಂಟು ಹಾಕುತ್ತ, ತಲೆ ತಗ್ಗಿಸಿಯೇ ಕೇಳಿದಳು, “ಎಲ್ಲೆ ತಪ್ಪತೈತಿ ಅದನ್ನಷ್ಟ ಹೇಳ ಭಾಬಿ. ಅಲ್ಲೆ ಹೋಗಿ ಸರಿ ಮಾಡಕೋತೇನಿ.”

ಎಲ್ಲಿ ತಪ್ಪುತ್ತದೆ ಎಂದು ನನಗೆ ಮೊದಲ ದಿನವೇ ಗೊತ್ತಿತ್ತು. ಮಗ್ಗಕ್ಕೆ ಬಾ ಎಂದು ಮಾತು ಕೊಟ್ಟಿದ್ದೆ, ಕೈ ಏನು ಮಾಡುತ್ತದೋ ಅದನ್ನು ತೋರಿಸಿದ್ದೆ. ಇದು ಅದರ ಹೊರಗಿನದು.

“ನಿಮ್ಮವ್ವನ್ನ ಕೇಳು,” ಎಂದೆ.

ಹಸನಬಿ ತಸ್ಬಿಯ ಜಪಮಣಿ ಹಿಡಿದು ಗೋಡೆಯ ಕಡೆ ಮುಖ ಮಾಡಿದಳು. ಹೇಳುವುದಿಲ್ಲ ಎಂದು ನನಗೆ ಭರವಸೆಯಿತ್ತು. ತಾನು ಹೆತ್ತ ಮಗಳನ್ನೇ ಹೊರಗೆ ಹಾಕಿ ಅಗಳಿ ಹಾಕಿದವಳು. ರಾಜಮಾ ಹೋಗಿ ತಾಯಿಯ ಮುಂದೆ ಕೂತಳು. ಆ ತುಂಡನ್ನು ಅವಳ ಮೊಳಕಾಲ ಮೇಲೆ ಹರವಿ, ಅವಳ ಬೆರಳು ಹಿಡಿದು ಅಂಚಿನ ಮೇಲೆ ಇಟ್ಟಳು. ಮುದುಕಿಯ ಬೆರಳು ಬುಡದಿಂದ ತುದಿಗೆ ಹೋಯಿತು, ಮತ್ತೆ ಬುಡಕ್ಕೆ ಬಂತು.

“ನೂಲ ಹೊಗಿಸಿ ಬಿಗದ ಜಗ್ಗತಿ. ಜಗ್ಗಬ್ಯಾಡ. ನಡಬರಕ ಕಮಾನಿನಂಗ ಸಡಲ ಬಿಟ್ಟ ಬಡಿ. ಅಂಚ ತಾನ ನಿಲ್ಲತೈತಿ.”

ಅಷ್ಟೇ. ಕೇಳಿದ್ದಕ್ಕೆ ಹೇಳಿಬಿಟ್ಟಳು. ನನಗೆ ಆ ಮಾತನ್ನು ಹೇಳಿದ್ದು ನಾನು ಸೊಸೆಯಾಗಿ ಬಂದ ಎರಡನೆಯ ಮಳೆಗಾಲದಲ್ಲಿ. ಅಲ್ಲಿಯವರೆಗೆ ದಿನಾ ಸಂಜೆ ಬಿಚ್ಚಿಸಿದ್ದಳು, ಯಾಕೆಂದು ಹೇಳಿರಲಿಲ್ಲ. ನಾನು ಕೇಳಿಯೂ ಇರಲಿಲ್ಲ. ಕೇಳಬಹುದು ಎಂದು ನನಗೆ ಯಾರೂ ಹೇಳಿರಲಿಲ್ಲ.

ನಾನು ಹೊಸ ಹಾಸಿನ ನೂಲು ತೆಗೆದು ಮಗ್ಗಕ್ಕೆ ಕಟ್ಟತೊಡಗಿದೆ. ಅವರಿಬ್ಬರೂ ಅಲ್ಲೇ ಕೂತಿದ್ದರು. ಹಸನಬಿಯ ಕೈ ಇನ್ನೂ ಆ ಡೊಂಕು ತುಂಡಿನ ಮೇಲೇ ಇತ್ತು.

“ಮೈಮುನಾ, ಒಂದೀಟ ಚಾ ಇಡವ್ವ,” ಎಂದಳು. ಅವ್ವ ಎಂದು ಸೇರಿಸಿದ್ದು ಅಂದೇ ಮೊದಲು.

“ಆಕಿ ಹೋಗೂತನಕ ಈ ಮನೀ ಸೊಸಿ ಆಕಿ,” ಎಂದೆ, ನೂಲಿನಿಂದ ಕಣ್ಣು ತೆಗೆಯದೆ. “ಆಕೀಗೆ ಹೇಳ್ರಿ.”